ಯಾವ ಸಕ್ಕರೆ, ಎಷ್ಟು ಸಕ್ಕರೆ: ಹೊಲದ ಬದುವಿನಿಂದ ಎಚ್‌ಪಿಎಲ್‌ಸಿ ನಕ್ಷೆಯವರೆಗೆ

ದಾವಣಗೆರೆಯ ಪ್ರಯೋಗಾಲಯದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ಪಾಠ ಹೇಳುವಾಗ ನಾನು ಪ್ರತಿ ವರ್ಷ ಅವರ ಬಾಯಿಂದ ಕೇಳುವ ಮೊದಲ ಮಾತು ಒಂದೇ: "ಈ ಈರುಳ್ಳಿಯಲ್ಲಿ ಸಕ್ಕರೆ ಎಷ್ಟಿದೆ ನೋಡಬೇಕು." ನನ್ನ ಮರುಪ್ರಶ್ನೆಯೂ ಪ್ರತಿ ವರ್ಷ ಅದೇ: "ಯಾವ ಸಕ್ಕರೆ?" ಚಳ್ಳಕೆರೆಯ ಒಂದೇ ಹೊಲದ ಒಂದೇ ಗಡ್ಡೆಯನ್ನು ನಾಲ್ಕು ವಿಧಾನಗಳಿಗೆ ಒಡ್ಡಿದರೆ ನಾಲ್ಕು ಅಂಕಿಗಳು ಬರುತ್ತವೆ. ರಸದಲ್ಲಿ ಬೆಳಕು ಬಾಗುವುದನ್ನು ನೋಡುವ ರಿಫ್ರ್ಯಾಕ್ಟೋಮೀಟರ್ ಒಂದು ಹೇಳುತ್ತದೆ, ಬಣ್ಣ ಬರಿಸಿ ಅಳೆಯುವ ಡಿಎನ್‌ಎಸ್‌ಎ ವಿಧಾನ ಮತ್ತೊಂದು, ಅಂಥದ್ದೇ ಬಣ್ಣದ ವಿಧಾನವಾದ ಆಂಥ್ರೋನ್ ಇನ್ನೊಂದು, ಸಕ್ಕರೆಗಳನ್ನು ಒಂದೊಂದಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ಮಗದೊಂದು. ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತಿದೆ. ಏನನ್ನು ಎಣಿಸುತ್ತಿದೆ ಎಂಬುದು ಗೊತ್ತಿಲ್ಲದೆ ಅಂಕಿ ಬರೆದುಕೊಳ್ಳುವುದೇ ನಮ್ಮ ಪ್ರಬಂಧಗಳಲ್ಲಿ ನಾನು ಕಾಣುವ ದೊಡ್ಡ ದೋಷ.

ಎರಡನೆಯ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಅಂಕಿಯ ಹಣೆಬರಹ ಬಹುಪಾಲು ಯಂತ್ರದ ಮುಂದೆ ತೀರ್ಮಾನವಾಗುವುದಿಲ್ಲ. ಗಡ್ಡೆ ಕಿತ್ತ ಗಳಿಗೆಯಿಂದ ಅದು ಆಲ್ಕೋಹಾಲಿಗೆ ಬೀಳುವ ಗಳಿಗೆಯವರೆಗೆ ಏನಾಯಿತು ಎಂಬುದರಲ್ಲಿ ತೀರ್ಮಾನವಾಗುತ್ತದೆ.

ಬೆಳೆಯನ್ನು ಮೊದಲು ತಿಳಿಯಿರಿ

ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳ ಬೆಳೆಗಳನ್ನೇ ತೆಗೆದುಕೊಳ್ಳಿ. ಹರಿಹರ, ಹೊನ್ನಾಳಿ ಕಡೆಯ ಭದ್ರಾ ಕಾಲುವೆಯ ಕಬ್ಬು ಬಲಿತಾಗ ಅದರ ರಸದಲ್ಲಿ ಸುಕ್ರೋಸ್‌ನದೇ ಪಾರುಪತ್ಯ. ಗ್ಲೂಕೋಸ್, ಫ್ರಕ್ಟೋಸ್ ಬಹಳ ಕಡಿಮೆ. ಹಿರಿಯೂರು, ಹೊಸದುರ್ಗದ ದಾಳಿಂಬೆಯಲ್ಲಿ ಇದರ ತದ್ವಿರುದ್ಧ: ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸುಮಾರಾಗಿ ಸರಿಸಮ, ಸುಕ್ರೋಸ್ ಅತ್ಯಲ್ಪ. ಚಳ್ಳಕೆರೆಯ ಶೇಂಗಾ ಬೀಜದಲ್ಲಿ ಸುಕ್ರೋಸ್ ಮುಖ್ಯ, ಜೊತೆಗೆ ರಾಫಿನೋಸ್, ಸ್ಟಾಕಿಯೋಸ್ ಎಂಬ ಉದ್ದ ಸಕ್ಕರೆಗಳು. ಆದರೆ ಬೀಜದ ಅರ್ಧದಷ್ಟು ಎಣ್ಣೆ ಇರುವುದರಿಂದ ಅದನ್ನು ಹೆಕ್ಸೇನ್ ಎಂಬ ದ್ರಾವಕದಿಂದ ತೆಗೆಯದೆ ಮುಂದೆ ಹೋಗುವಂತಿಲ್ಲ. ದಾವಣಗೆರೆಯ ಮೆಕ್ಕೆಜೋಳದ ಒಣಕಾಳಿನಲ್ಲಿ ಸಕ್ಕರೆ ಕಡಿಮೆ, ಪಿಷ್ಟವೇ ಹೆಚ್ಚು.

ಈರುಳ್ಳಿ ಇವೆಲ್ಲಕ್ಕಿಂತ ಕಷ್ಟದ ಬೆಳೆ. ಅದು ಪಿಷ್ಟವನ್ನು ಕೂಡಿಡುವುದಿಲ್ಲ. ಫ್ರಕ್ಟೋಸ್ ಅಣುಗಳನ್ನು ಸುಕ್ರೋಸ್‌ಗೆ ಒಂದರ ಹಿಂದೊಂದು ಪೋಣಿಸಿ ಫ್ರಕ್ಟಾನ್ ಎಂಬ ಸರಪಳಿ ಕಟ್ಟುತ್ತದೆ. ಗಡ್ಡೆಯನ್ನು ದಾಸ್ತಾನಿನಲ್ಲಿ ಇಟ್ಟಂತೆ ಈ ಸರಪಳಿ ಕಡಿದು ಫ್ರಕ್ಟೋಸ್ ಹೊರಬೀಳುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಈರುಳ್ಳಿಯನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಈರುಳ್ಳಿಯನ್ನು ಸರಿಯಾಗಿ ಅಳೆಯಬಲ್ಲವರಿಗೆ ಕಬ್ಬು, ದಾಳಿಂಬೆ ಸುಲಭ.

ಬ್ರಿಕ್ಸ್, ಅಂದರೆ ರಿಫ್ರ್ಯಾಕ್ಟೋಮೀಟರ್ ಕೊಡುವ ಅಂಕಿಯ ಬಗ್ಗೆ ಇಲ್ಲೇ ಒಂದು ಮಾತು. ಕೈ ರಿಫ್ರ್ಯಾಕ್ಟೋಮೀಟರ್ ತೋರಿಸುವುದು ಸಕ್ಕರೆಯನ್ನಲ್ಲ, ರಸದಲ್ಲಿ ಕರಗಿರುವ ಎಲ್ಲ ಘನವಸ್ತುಗಳನ್ನು: ಆಮ್ಲ, ಲವಣ, ಫ್ರಕ್ಟಾನ್ ಎಲ್ಲವೂ ಅದರಲ್ಲಿವೆ. ಮಾಪನ 20 °ಸೆ. ಉಷ್ಣಾಂಶಕ್ಕೆ ಹೊಂದಿಸಿದ್ದು. 15 ಬ್ರಿಕ್ಸ್ ಆಸುಪಾಸಿನ ರಸವನ್ನು 30 °ಸೆ.ನಲ್ಲಿ ಓದಿದರೆ ಸುಮಾರು 0.8 ಕೂಡಿಸಬೇಕಾಗುತ್ತದೆ. ಉಷ್ಣಾಂಶವನ್ನು ತಾನೇ ಸರಿಹೊಂದಿಸಿಕೊಳ್ಳುವ ಉಪಕರಣವಿದ್ದರೆ ಈ ಕೆಲಸವಿಲ್ಲ. ಹೊಲದಲ್ಲಿ ಯಾವ ಸಾಲು ಬಲಿತಿದೆ ಎಂದು ನೋಡಲು ಇದು ಸಾಕು, ಪ್ರಬಂಧಕ್ಕೆ ಸಾಲದು.

ಹಂತ 1: ಹೊಲದಲ್ಲಿಯೇ ಕಾಲ ನಿಲ್ಲಿಸುವುದು

ಕೊಯ್ದ ಸಸ್ಯಭಾಗ ಸತ್ತಿರುವುದಿಲ್ಲ. ಅದು ಉಸಿರಾಡುತ್ತಾ ಸಕ್ಕರೆಯನ್ನು ಉರಿಸುತ್ತಿರುತ್ತದೆ. ಕತ್ತರಿಸಿದ ಕೂಡಲೇ ಇನ್ವರ್ಟೇಸ್ ಎಂಬ ಕಿಣ್ವಕ್ಕೆ ಸುಕ್ರೋಸ್ ಸಿಕ್ಕಿ, ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕಡಿದ ಕಬ್ಬು ಗಾಡಿಯಲ್ಲಿ ನಿಂತಷ್ಟೂ ಇಳುವರಿ ಬೀಳುತ್ತದೆ ಎಂದು ರೈತರು ಕಾರ್ಖಾನೆಯ ಮುಂದೆ ಚಡಪಡಿಸುವುದು ಇದೇ ಕಾರಣಕ್ಕೆ.

ಒಮ್ಮೆ ನಮ್ಮ ತಂಡ ಬೇಸಿಗೆಯಲ್ಲಿ ತಂದ ಈರುಳ್ಳಿ ಹೋಳುಗಳು ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಮೇಜಿನ ಮೇಲೇ ಉಳಿದವು. ಮಾರನೆಯ ದಿನ ಎಚ್‌ಪಿಎಲ್‌ಸಿ ನಕ್ಷೆಯಲ್ಲಿ ಸುಕ್ರೋಸ್‌ನ ಶಿಖರ ಕುಗ್ಗಿ, ಪಕ್ಕದ ಗ್ಲೂಕೋಸ್, ಫ್ರಕ್ಟೋಸ್ ಶಿಖರಗಳು ಉಬ್ಬಿದ್ದವು. ಎರಡು ತಳಿಗಳ ವ್ಯತ್ಯಾಸವೆಂದು ಅದನ್ನು ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಇಡೀ ಕಂತನ್ನು ಕೈಬಿಟ್ಟು ಮತ್ತೆ ಹೊಲಕ್ಕೆ ಹೋದೆವು. ಅಂದಿನಿಂದ ನಾವು ಅನುಸರಿಸುವ ಕ್ರಮ ಹೀಗಿದೆ.

ಹಿಂದಿನ ದಿನವೇ 50 ಮಿ.ಲೀ.ನ ಗಟ್ಟಿ ಮುಚ್ಚಳದ ಕೊಳವೆಗಳಿಗೆ ತಲಾ 25 ಮಿ.ಲೀ. 95% ಎಥನಾಲ್ ತುಂಬಿ, ಮುಚ್ಚಿ, ಸಂಖ್ಯೆ ಬರೆದು, ತೂಕ ಗುರುತಿಸಿಟ್ಟುಕೊಳ್ಳಿ. ಸಂಖ್ಯೆಯನ್ನು ಸೀಸದ ಕಡ್ಡಿಯಿಂದಲೇ ಬರೆಯಿರಿ. ಮಾರ್ಕರ್ ಶಾಯಿಯನ್ನು ಆಲ್ಕೋಹಾಲ್ ಅಳಿಸಿಹಾಕುತ್ತದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಒಂದೊಂದು ತಾಕಿನಿಂದ ಹತ್ತು ಗಡ್ಡೆ ಆರಿಸಿ. ಒಣ ಸಿಪ್ಪೆ ತೆಗೆಯಿರಿ. ಹೊರಪದರದ ಸಕ್ಕರೆಯೂ ಒಳಪದರದ ಸಕ್ಕರೆಯೂ ಒಂದೇ ಅಲ್ಲ, ಆದ್ದರಿಂದ ಅಡ್ಡಬಿಲ್ಲೆ ಬೇಡ. ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿ, ಪ್ರತಿ ಗಡ್ಡೆಯ ಎದುರುಬದುರಿನ ಎರಡು ಸೀಳುಗಳನ್ನು ತೆಗೆದುಕೊಳ್ಳಿ. ಎಲ್ಲವನ್ನೂ ಬೇಗ ಸಣ್ಣಗೆ ಹೆಚ್ಚಿ, ಬೆರೆಸಿ, ಸುಮಾರು 5 ಗ್ರಾಂ ಕೊಳವೆಗೆ ಹಾಕಿ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿ ಇಡಿ. ನಿಖರ ತೂಕ ಪ್ರಯೋಗಾಲಯದಲ್ಲಿ: ಈಗಿನ ತೂಕದಿಂದ ನಿನ್ನೆಯ ತೂಕ ಕಳೆದರಾಯಿತು.

ಸಕ್ಕರೆಯ ಸಾರ ತೆಗೆಯಲು 80% ಎಥನಾಲ್ ಬೇಕಾದ ಕಡೆ 95% ಏಕೆ? ಈರುಳ್ಳಿಯಲ್ಲಿ ಸುಮಾರು 87% ನೀರೇ ಇದೆ. 5 ಗ್ರಾಂ ಹೋಳು ತನ್ನೊಂದಿಗೆ 4.3 ಮಿ.ಲೀ.ಯಷ್ಟು ನೀರು ತರುತ್ತದೆ. 25 ಮಿ.ಲೀ. 95% ಎಥನಾಲ್‌ಗೆ ಅದು ಸೇರಿದಾಗ ಬಲ ಸರಿಯಾಗಿ 81%ಕ್ಕೆ ಬಂದು ನಿಲ್ಲುತ್ತದೆ. ಮೊದಲೇ 80% ಹಾಕಿದ್ದರೆ 70%ಕ್ಕಿಂತ ಕೆಳಗೆ ಇಳಿದು, ಉದ್ದದ ಫ್ರಕ್ಟಾನ್‌ಗಳೂ ಪೆಕ್ಟಿನ್ನೂ ಕರಗಿ ಬರುತ್ತಿದ್ದವು.

ಈ ಕೊಳವೆಗಳನ್ನು ಬಸ್ಸಿನಲ್ಲಿ ಒಯ್ಯಬಾರದು; ಎಥನಾಲ್ ಬೆಂಕಿಗೆ ತುತ್ತಾಗುವ ದ್ರವ. ಎಥನಾಲ್ ಬೇಡವೆಂದರೆ ಮಾದರಿಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವುದು ಇನ್ನೊಂದು ದಾರಿ; ಮುಚ್ಚಿದ ಜಾಗದಲ್ಲಿ ಅದು ಉಸಿರುಗಟ್ಟಿಸುವುದರಿಂದ ಅದನ್ನೂ ಬಸ್ಸಿನಲ್ಲಿ ಒಯ್ಯಬಾರದು. ಅದನ್ನು ಪಟ್ಟಣದಲ್ಲಿ ಹುಡುಕಿ ಸುಸ್ತಾಗಬೇಕಿಲ್ಲ: ಹಸುಗಳ ಕೃತಕ ಗರ್ಭಧಾರಣೆಗಾಗಿ ಪಶು ಆಸ್ಪತ್ರೆಗಳಲ್ಲಿ ಇದರ ಜಾಡಿಗಳು ಇರುತ್ತವೆ. ಅಲ್ಲಿನ ವೈದ್ಯರನ್ನು ಕೇಳಿದರೆ ಯಾರಿಂದ ತರಿಸುತ್ತಾರೆ ಎಂಬುದಾದರೂ ತಿಳಿಯುತ್ತದೆ. ಹೆಪ್ಪುಗಟ್ಟಿಸಿದ ಮಾದರಿಯನ್ನು ಮಾತ್ರ ಕರಗಲು ಬಿಡಬೇಡಿ. ಕರಗಿದ ಅಂಗಾಂಶದಲ್ಲಿ ಜೀವಕೋಶ ಒಡೆದಿರುತ್ತದೆ, ಕಿಣ್ವ ಹಸಿಗಿಂತಲೂ ಚುರುಕಾಗಿ ಕೆಲಸ ಮಾಡುತ್ತದೆ.

ಎಲೆಯ ಸಕ್ಕರೆ ಅಳೆಯುವವರು ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು. ಬೆಳಗಿನ ಎಲೆಗೂ ಸಂಜೆಯ ಎಲೆಗೂ ಇಡೀ ಹಗಲಿನ ದ್ಯುತಿಸಂಶ್ಲೇಷಣೆಯ ಅಂತರವಿದೆ. ಕಬ್ಬಿನಲ್ಲಿ ಬುಡದ ಗೆಣ್ಣು ಸಿಹಿ, ತುದಿಯ ಗೆಣ್ಣು ಸಪ್ಪೆ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಯಾವ ಗೆಣ್ಣು ಎಂದು ಬರೆಯದ ದಾಖಲೆಗಳನ್ನು ನೋಡಿದ್ದೇನೆ.

ಹಂತ 2: ಸಾರ ತೆಗೆಯುವುದು

ಪ್ರಯೋಗಾಲಯ ತಲುಪಿದ ಕೂಡಲೇ ತೂಕ ನೋಡಿ, ಕೊಳವೆಗಳನ್ನು 80 °ಸೆ. ನೀರಿನ ತೊಟ್ಟಿಯಲ್ಲಿ 20 ನಿಮಿಷ ಇಡಿ. ಕಿಣ್ವ ಸಂಪೂರ್ಣ ಸಾಯುವುದು ಇಲ್ಲಿ. ಎಥನಾಲ್ ಕುದಿಯುವುದು 78 °ಸೆ.ನಲ್ಲಿ, ಆದ್ದರಿಂದ ಮುಚ್ಚಳವನ್ನು ಸಡಿಲಿಸಿ. ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು. ತಣಿದ ಮೇಲೆ ಹೋಳುಗಳನ್ನು ಅದೇ ಆಲ್ಕೋಹಾಲಿನಲ್ಲಿ ನುಣ್ಣಗೆ ಅರೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಬಸಿಯಿರಿ. ಉಳಿದ ಗಸಿಗೆ 80% ಎಥನಾಲ್ 25 ಮಿ.ಲೀ. ಹಾಕಿ ಇದನ್ನೇ ಇನ್ನೆರಡು ಸಲ ಮಾಡಿ. ನಾಲ್ಕನೆಯ ಸಲದ ತಿಳಿಯ ಒಂದೆರಡು ಹನಿಗೆ ಆಂಥ್ರೋನ್ ಹಾಕಿ ನೋಡಿ. ಬಣ್ಣ ಬರದಿದ್ದರೆ ಮೂರು ಸಲ ಸಾಕು ಎಂದು ನಿಮ್ಮದೇ ಮಾದರಿ ಹೇಳಿದಂತಾಯಿತು.

ದಾಳಿಂಬೆಗೆ ಒಂದು ಎಚ್ಚರಿಕೆ: ರಸ ಹುಳಿಯಾಗಿರುವುದರಿಂದ ಬಿಸಿಯಲ್ಲಿ ಇರುವಷ್ಟು ಸುಕ್ರೋಸ್ ಕೂಡ ಒಡೆಯಬಹುದು. ಬಿಸಿ ಮಾಡುವ ಮೊದಲೇ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ಆಮ್ಲವನ್ನು ತಗ್ಗಿಸಿ. ಬೀಜವನ್ನು ಅರೆಯಬೇಡಿ.

ಮೂರೂ ತಿಳಿಗಳನ್ನು ಕೂಡಿಸಿ, ರೋಟರಿ ಆವಿಕಾರಕದಲ್ಲಿ 45 °ಸೆ. ಮೀರದಂತೆ ಆಲ್ಕೋಹಾಲ್ ಹಾರಿಸಿ. ಸುಮಾರು 10 ಮಿ.ಲೀ. ನೀರಿನಂಶ ಉಳಿದಾಗ ನಿಲ್ಲಿಸಿ, ಶುದ್ಧೀಕರಿಸಿದ ನೀರಿನಿಂದ 50 ಮಿ.ಲೀ.ಗೆ ತುಂಬಿ. ಇದೇ ಮೂಲ ಸಾರ. ನಮ್ಮ ಕೊಳವೆಬಾವಿಗಳ ಗಡಸು ನೀರು ಇಲ್ಲಿಯೂ ಮುಂದೆಯೂ ಒಂದು ಹನಿಯೂ ಸೇರಬಾರದು. ಗಾಜಿನ ಪಾತ್ರೆಗಳ ಕೊನೆಯ ತೊಳೆತವೂ ಶುದ್ಧ ನೀರಿನಲ್ಲೇ ಆಗಲಿ.

ಹಳೆಯ ಕೈಪಿಡಿಗಳು ಸಾರವನ್ನು ತಿಳಿಯಾಗಿಸಲು ಸೀಸದ ಅಸಿಟೇಟ್ ಹೇಳುತ್ತವೆ. ಸೀಸ ವಿಷ, ಅದನ್ನು ಹಾಕಿ, ಆಕ್ಸಲೇಟ್‌ನಿಂದ ತೆಗೆದು, ತ್ಯಾಜ್ಯವನ್ನು ಎಲ್ಲಿಡುವುದೆಂದು ಪರದಾಡುವುದನ್ನು ನಾನು ಒಪ್ಪುವುದಿಲ್ಲ. ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಸತುವಿನ ಸಲ್ಫೇಟ್ ಜೋಡಿ, ಅಂದರೆ ಕ್ಯಾರೆಜ್ ದ್ರಾವಣಗಳು, ಪ್ರೋಟೀನನ್ನೂ ಕದಡನ್ನೂ ಚೆನ್ನಾಗಿ ಇಳಿಸುತ್ತವೆ. ದಾಳಿಂಬೆಯ ಕೆಂಪು ಬಣ್ಣಕ್ಕೂ ಟ್ಯಾನಿನ್ನಿಗೂ ಸಿ-18 ತುಂಬಿದ ಚಿಕ್ಕ ಸೋಸುಕ ಸಾಕು: ಬಣ್ಣ ಅಂಟಿಕೊಳ್ಳುತ್ತದೆ, ಸಕ್ಕರೆ ದಾಟಿ ಬರುತ್ತದೆ. ಇದ್ದಿಲ ಪುಡಿ ಮಾತ್ರ ಬೇಡ. ಅದು ಬಣ್ಣದ ಜೊತೆ ಸಕ್ಕರೆಯನ್ನೂ ಹಿಡಿದುಕೊಳ್ಳುತ್ತದೆ.

ಹಂತ 3: ಬಣ್ಣದಿಂದ ಅಳೆಯುವುದು

ಎಚ್‌ಪಿಎಲ್‌ಸಿ ಇಲ್ಲದ ಕಾಲೇಜುಗಳೇ ಹೆಚ್ಚು. ಒಂದು ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಒಳ್ಳೆಯ ಕೆಲಸ ಮಾಡಬಹುದು, ಮಿತಿಯನ್ನು ತಿಳಿದು ಮಾಡಿದರೆ.

ಅಪಕರ್ಷಕ ಸಕ್ಕರೆಗಳಿಗೆ, ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗೆ, ಡಿಎನ್‌ಎಸ್‌ಎ ವಿಧಾನ. 1 ಗ್ರಾಂ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲವನ್ನು 20 ಮಿ.ಲೀ. 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 50 ಮಿ.ಲೀ. ನೀರಿನಲ್ಲಿ ಕರಗಿಸಿ, 30 ಗ್ರಾಂ ರೋಶೆಲ್ ಲವಣ ಸೇರಿಸಿ, 100 ಮಿ.ಲೀ.ಗೆ ತುಂಬಿ ಕಂದು ಬಾಟಲಿಯಲ್ಲಿಡಿ. ಸಾರವನ್ನು 5ರಿಂದ 10 ಪಟ್ಟು ತೆಳುಗೊಳಿಸಿ. ಅದರ 1 ಮಿ.ಲೀ.ಗೆ 1 ಮಿ.ಲೀ. ಡಿಎನ್‌ಎಸ್‌ಎ ಹಾಕಿ ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತಣ್ಣೀರಿನಲ್ಲಿ ಆರಿಸಿ, 10 ಮಿ.ಲೀ. ನೀರು ಕೂಡಿಸಿ 540 ನ್ಯಾನೋಮೀಟರ್‌ನಲ್ಲಿ ಓದಿ. ಜೊತೆಯಲ್ಲಿಯೇ ಪ್ರತಿ ಮಿ.ಲೀ.ಗೆ 0.2ರಿಂದ 1 ಮಿ.ಗ್ರಾಂ.ವರೆಗಿನ ಗ್ಲೂಕೋಸ್ ಮಾನಕಗಳು, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳು, ಅದೇ ತೊಟ್ಟಿಯಲ್ಲಿ, ಅದೇ 5 ನಿಮಿಷ ಕುದಿಯಬೇಕು. ನಿನ್ನೆಯ ಮಾನಕ ರೇಖೆಯನ್ನು ಇಂದು ಬಳಸಬೇಡಿ. ಈ ವಿಧಾನ ಎಲ್ಲ ಸಕ್ಕರೆಗಳಿಗೂ ಸಮಾನ ಬಣ್ಣ ಕೊಡುವುದಿಲ್ಲ. ವಿಟಮಿನ್ ಸಿ, ಫೀನಾಲ್‌ಗಳಂಥ ಇತರ ಅಪಕರ್ಷಕಗಳನ್ನೂ ಸಕ್ಕರೆಯೆಂದೇ ಎಣಿಸಬಹುದು. ನೆಲ್ಸನ್–ಸೊಮೋಜಿ ವಿಧಾನ ಹೆಚ್ಚು ಸೂಕ್ಷ್ಮ, ಆದರೆ ಅದರಲ್ಲಿ ಆರ್ಸೆನಿಕ್ ಇದೆ. ಮೊದಲ ವರ್ಷದ ವಿದ್ಯಾರ್ಥಿಗಳ ಕೈಗೆ ನಾನು ಕೊಡುವುದಿಲ್ಲ.

ಸುಕ್ರೋಸ್ ಅಪಕರ್ಷಕವಲ್ಲ, ಅದನ್ನು ಒಡೆದು ಅಳೆಯಬೇಕು. ಸಾರದ ಒಂದು ಪಾಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕೋಣೆಯ ಉಷ್ಣಾಂಶದಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕ್ಷಾರದಿಂದ ಸಮಗೊಳಿಸಿ, ಮತ್ತೆ ಡಿಎನ್‌ಎಸ್‌ಎ ಮಾಡಿ. ಒಡೆಯುವಾಗ ಸುಕ್ರೋಸ್ ಒಂದು ನೀರಿನ ಅಣುವನ್ನು ಸೇರಿಸಿಕೊಳ್ಳುವುದರಿಂದ ಹೀಗೆ ಲೆಕ್ಕ:

ಸುಕ್ರೋಸ್ = (ಒಡೆದ ನಂತರದ ಸಕ್ಕರೆ − ಒಡೆಯುವ ಮುಂಚಿನ ಸಕ್ಕರೆ) × 0.95

ಕಬ್ಬಿಗೆ ಇದು ಸರಿ. ಈರುಳ್ಳಿಗೆ ಇದು ಬಲೆ. ಫ್ರಕ್ಟಾನ್ ಸರಪಳಿಗಳೂ ಆಮ್ಲಕ್ಕೆ ಸುಲಭವಾಗಿ ಒಡೆಯುತ್ತವೆ, ಅವೆಲ್ಲ ನಿಮ್ಮ ಕಾಗದದಲ್ಲಿ "ಸುಕ್ರೋಸ್" ಎಂದು ದಾಖಲಾಗುತ್ತವೆ. ಆಮ್ಲದ ಬದಲು ಯೀಸ್ಟಿನ ಇನ್ವರ್ಟೇಸ್ ಬಳಸಿದರೂ ಪೂರ್ತಿ ಬಿಡುಗಡೆಯಿಲ್ಲ. ಅದು ಚಿಕ್ಕ ಫ್ರಕ್ಟಾನ್‌ಗಳನ್ನೂ ಕತ್ತರಿಸುತ್ತದೆ. ಹಾಗಾಗಿ ಈರುಳ್ಳಿಯಲ್ಲಿ ಈ ಲೆಕ್ಕದ ಫಲವನ್ನು "ಆಮ್ಲದಿಂದ ಒಡೆಯುವ ಅನಪಕರ್ಷಕ ಸಕ್ಕರೆ" ಎಂದು ಕರೆಯಿರಿ, ಸುಕ್ರೋಸ್ ಎನ್ನಬೇಡಿ.

ಒಟ್ಟು ಸಕ್ಕರೆಗೆ ಆಂಥ್ರೋನ್. 200 ಮಿ.ಗ್ರಾಂ. ಆಂಥ್ರೋನ್ ಅನ್ನು 100 ಮಿ.ಲೀ. ತಣ್ಣನೆಯ 95% ಸಲ್ಫ್ಯೂರಿಕ್ ಆಮ್ಲದಲ್ಲಿ ಅದೇ ದಿನ ಕರಗಿಸಿ. ಮೂಲ ಸಾರವನ್ನು ನೂರು ಪಟ್ಟು ತೆಳುಗೊಳಿಸಿ, 0.5 ಮಿ.ಲೀ. ತೆಗೆದು ನೀರಿನಿಂದ 1 ಮಿ.ಲೀ. ಮಾಡಿ, ಕೊಳವೆಯನ್ನು ಐಸ್‌ನಲ್ಲಿಟ್ಟು 4 ಮಿ.ಲೀ. ಆಂಥ್ರೋನ್ ನಿಧಾನವಾಗಿ ಬಿಡಿ. ಕುದಿಯುವ ನೀರಿನಲ್ಲಿ 8 ನಿಮಿಷ, ಬೇಗ ಆರಿಸಿ, 630 ನ್ಯಾನೋಮೀಟರ್‌ನಲ್ಲಿ ಹಸಿರು ಬಣ್ಣ ಓದಿ. ಮಾನಕ 10ರಿಂದ 100 ಮೈಕ್ರೋಗ್ರಾಂ ಗ್ಲೂಕೋಸ್. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸ ಬೇಡ. ಕೊಳವೆಯ ಒಳಗನ್ನು ಹತ್ತಿಯಿಂದಾಗಲಿ ಕಾಗದದಿಂದಾಗಲಿ ಒರೆಸಬೇಡಿ: ಒಂದು ಎಳೆ ಸೆಲ್ಯುಲೋಸ್ ಉಳಿದರೂ ಈ ಆಮ್ಲ ಅದನ್ನು ಸಕ್ಕರೆಯಾಗಿಸಿ ಹಸಿರು ತೋರಿಸುತ್ತದೆ. ಒಂದೇ ಮಾದರಿಯ ಮೂರು ಕೊಳವೆಗಳಲ್ಲಿ ಒಂದು ಮಾತ್ರ ಅಕಾರಣವಾಗಿ ಕಡುಹಸಿರಾದರೆ ನಾನು ಮೊದಲು ನೋಡುವುದು ಇದನ್ನೇ.

1956ರಲ್ಲಿ ಡುಬೋಯ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಫೀನಾಲ್–ಸಲ್ಫ್ಯೂರಿಕ್ ಆಮ್ಲ ವಿಧಾನವೂ ಇದೇ ಕೆಲಸ ಮಾಡುತ್ತದೆ. ಓದುವುದು 490 ನ್ಯಾನೋಮೀಟರ್‌ನಲ್ಲಿ.

ಹಂತ 4: ಒಂದೊಂದನ್ನೂ ಬೇರ್ಪಡಿಸುವುದು

ಮೊದಲು ಟಿಎಲ್‌ಸಿ, ಅಂದರೆ ತೆಳುಪದರದ ಫಲಕದ ಮೇಲೆ ದ್ರಾವಕವನ್ನು ಏರಿಸಿ ಬೇರ್ಪಡಿಸುವ ವಿಧಾನ. ಕಡಿಮೆ ಖರ್ಚು, ಒಂದೇ ಮಧ್ಯಾಹ್ನದ ಕೆಲಸ. ಸಿಲಿಕಾ ಫಲಕದ ಕೆಳಗಿನ ಗೆರೆಯ ಮೇಲೆ ಸಾರದ 1 ಮೈಕ್ರೋಲೀಟರ್ ಚುಕ್ಕೆ, ಪಕ್ಕದಲ್ಲಿ ಫ್ರಕ್ಟೋಸ್, ಗ್ಲೂಕೋಸ್, ಸುಕ್ರೋಸ್ ಮಾನಕಗಳ ಚುಕ್ಕೆ ಇಡಿ. ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರು 2:1:1 ಪ್ರಮಾಣದ ದ್ರಾವಕದಲ್ಲಿ ಏರಿಸಿ, ಒಣಗಿಸಿ, ಮತ್ತೊಮ್ಮೆ ಏರಿಸಿ. ಎರಡನೆಯ ಸಲಕ್ಕೆ ಚುಕ್ಕೆಗಳು ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ಅನಿಲೀನ್–ಡೈಫಿನೈಲಮೀನ್–ಫಾಸ್ಫಾರಿಕ್ ಆಮ್ಲದ ಸಿಂಪರಣೆಯನ್ನು ಹೊಗೆಗೂಡಿನೊಳಗೆ ಮಾತ್ರ ಮಾಡಿ, 105 °ಸೆ.ನಲ್ಲಿ 10 ನಿಮಿಷ ಕಾಯಿಸಿ. ಮೇಲೆ ಫ್ರಕ್ಟೋಸ್, ಕೆಳಗೆ ಗ್ಲೂಕೋಸ್, ಅದರ ಕೆಳಗೆ ಸುಕ್ರೋಸ್. ಈರುಳ್ಳಿಯಾದರೆ ಇನ್ನೂ ಕೆಳಗೆ ಏಣಿಯ ಮೆಟ್ಟಿಲುಗಳಂತೆ ಫ್ರಕ್ಟಾನ್ ಚುಕ್ಕೆಗಳ ಸಾಲು. ಆ ಸಾಲನ್ನು ಮೊದಲ ಸಲ ಕಂಡ ವಿದ್ಯಾರ್ಥಿಗಳಿಗೆ ಆಂಥ್ರೋನ್ ಅಂಕಿ ಏಕೆ ಹೆಚ್ಚು ಎಂದು ನಾನು ವಿವರಿಸಬೇಕಾಗುವುದೇ ಇಲ್ಲ.

ಅಳತೆಗೆ ಎಚ್‌ಪಿಎಲ್‌ಸಿ. ಸಕ್ಕರೆಗಳು ಬೇರ್ಪಡುವ ಕೊಳವೆಯೇ ಕಾಲಂ; ಇಲ್ಲಿ ಅಮೈನೋ ಕಾಲಂ, 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸ. ಚಲಿಸುವ ದ್ರಾವಕ ಅಸಿಟೋನೈಟ್ರೈಲ್ ಮತ್ತು ನೀರು 75:25, ಹರಿವು ನಿಮಿಷಕ್ಕೆ 1 ಮಿ.ಲೀ., ಪತ್ತೆಗೆ ವಕ್ರೀಭವನ ಸೂಚ್ಯಂಕದ ಡಿಟೆಕ್ಟರ್. ಸಾರವನ್ನು ಅಸಿಟೋನೈಟ್ರೈಲ್‌ನೊಂದಿಗೆ ಸಮಪಾಲು ಬೆರೆಸಿ, 0.45 ಮೈಕ್ರಾನ್ ಸೋಸುಕದಲ್ಲಿ ಹಾಯಿಸಿ, 20 ಮೈಕ್ರೋಲೀಟರ್ ಚುಚ್ಚಿ. ಬರಿಯ ನೀರಿನ ಸಾರ ಚುಚ್ಚಿದರೆ ಶಿಖರಗಳ ಆಕಾರ ಕೆಡುತ್ತದೆ. ಬರುವ ಕ್ರಮ: ಫ್ರಕ್ಟೋಸ್, ಗ್ಲೂಕೋಸ್, ಸುಕ್ರೋಸ್, ಬಹಳ ತಡವಾಗಿ ರಾಫಿನೋಸ್, ಸ್ಟಾಕಿಯೋಸ್.

ಈ ಡಿಟೆಕ್ಟರ್ ಉಷ್ಣಾಂಶದ ಚಿಕ್ಕ ಏರಿಳಿತಕ್ಕೂ ಅಲುಗುತ್ತದೆ. ಏಪ್ರಿಲ್ ತಿಂಗಳಲ್ಲಿ ಕಿಟಕಿ ತೆರೆದಿಟ್ಟರೂ ಕಷ್ಟ, ಎಸಿ ಗಾಳಿ ನೇರ ಬಡಿದರೂ ಕಷ್ಟ. ಬೆಳಿಗ್ಗೆ ಬಂದ ಕೂಡಲೇ ಚಾಲೂ ಮಾಡಿ, ಆಧಾರರೇಖೆ ನೇರವಾಗುವವರೆಗೆ ಗಂಟೆಗಟ್ಟಲೆ ಬಿಡಿ. ಯುಪಿಎಸ್ ಇಲ್ಲದೆ ಸಾಲು ಮಾದರಿಗಳನ್ನು ಹಚ್ಚಬೇಡಿ. ದ್ರಾವಕದ ಪ್ರಮಾಣವನ್ನು ನಡುವೆ ಬದಲಿಸುವ ವಿಧಾನ ಇದರೊಂದಿಗೆ ನಡೆಯುವುದಿಲ್ಲ. ಅಮೈನೋ ಕಾಲಂಗೆ ಅಪಕರ್ಷಕ ಸಕ್ಕರೆಗಳು ನಿಧಾನವಾಗಿ ಅಂಟಿ ಅದರ ಆಯುಷ್ಯ ಕಡಿಮೆಯಾಗುತ್ತದೆ, ಆದ್ದರಿಂದ ಹತ್ತು ಮಾದರಿಗಳಿಗೊಮ್ಮೆ ಒಂದು ಮಾನಕ ಚುಚ್ಚಿ ನೋಡಿ. ಈರುಳ್ಳಿಯ ಫ್ರಕ್ಟಾನ್‌ಗಳು ಹಿಂದೆ ಉಳಿದು, ಮುಂದಿನ ಮಾದರಿಯ ನಕ್ಷೆಯಲ್ಲಿ ಗುಡ್ಡದಂತೆ ಏಳುವುದುಂಟು. ಪ್ರತಿ ಓಟದ ನಂತರ ಕಾಲಂ ತೊಳೆಯಲು ಸಮಯ ಕೊಡಿ. ಅಮೈನೋ ಬದಲು ಕ್ಯಾಲ್ಸಿಯಂ ರೂಪದ ಕಾಲಂ ಬಳಸಿದರೆ ದ್ರಾವಕವಾಗಿ ಬರಿಯ ನೀರು, 80 °ಸೆ. ಸಾಕು, ಕ್ರಮ ತಿರುವುಮುರುವು: ದೊಡ್ಡ ಅಣು ಮೊದಲು, ಫ್ರಕ್ಟೋಸ್ ಕೊನೆಗೆ.

ಎಚ್‌ಪಿಎಲ್‌ಸಿ ಇಲ್ಲದೆಯೂ ಗ್ಲೂಕೋಸ್ ಒಂದನ್ನೇ ಖಚಿತವಾಗಿ ಬೇಕೆಂದರೆ ಹೆಕ್ಸೋಕೈನೇಸ್ ಕಿಣ್ವದ ವಿಧಾನವಿದೆ. ಒಂದು ಗ್ಲೂಕೋಸ್ ಅಣುವಿಗೆ ಬೆಳಕು ಹೀರುವ ಒಂದು ಎನ್‌ಎಡಿಪಿಎಚ್ ಅಣು ಹುಟ್ಟುತ್ತದೆ, ಅದನ್ನು 340 ನ್ಯಾನೋಮೀಟರ್‌ನಲ್ಲಿ ಓದಬಹುದು. ಕಿಣ್ವಗಳು ದುಬಾರಿ, ಆದರೆ ಬೇರೆ ಸಕ್ಕರೆಯನ್ನು ಗ್ಲೂಕೋಸ್ ಎಂದು ತಪ್ಪು ತಿಳಿಯುವುದಿಲ್ಲ.

ಹಂತ 5: ಲೆಕ್ಕ, ತಾಳೆ, ಅನುಮಾನ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 5 ಗ್ರಾಂ ಹಸಿ ಈರುಳ್ಳಿ, 50 ಮಿ.ಲೀ. ಸಾರ, ಬೆರೆಸಿದ ಅಸಿಟೋನೈಟ್ರೈಲ್‌ನ ಎರಡು ಪಟ್ಟನ್ನು ಲೆಕ್ಕಕ್ಕೆ ಹಿಡಿದ ಮೇಲೆ ಪ್ರತಿ ಮಿ.ಲೀ.ಗೆ ಫ್ರಕ್ಟೋಸ್ 1.6, ಗ್ಲೂಕೋಸ್ 1.9, ಸುಕ್ರೋಸ್ 1.1 ಮಿ.ಗ್ರಾಂ. ಬಂತು ಎನ್ನಿ. 50 ರಿಂದ ಗುಣಿಸಿ 5 ರಿಂದ ಭಾಗಿಸಿದರೆ ಪ್ರತಿ ಗ್ರಾಂ ಹಸಿ ತೂಕಕ್ಕೆ 16, 19, 11 ಮಿ.ಗ್ರಾಂ. ಒಟ್ಟು 46 ಮಿ.ಗ್ರಾಂ., ಅಂದರೆ 4.6%. ಅದೇ ಸಾರ ಆಂಥ್ರೋನ್‌ನಲ್ಲಿ 6.9% ತೋರಿಸಿದರೆ ಗಾಬರಿ ಬೇಡ. ನಡುವಿನ 2.3% ಬಹುಪಾಲು ಸಾರಕ್ಕೆ ಬಂದ ಚಿಕ್ಕ ಫ್ರಕ್ಟಾನ್‌ಗಳದು. ಡಿಎನ್‌ಎಸ್‌ಎ ಸುಮಾರು 3.5% ತೋರಿಸಬೇಕು, ಬಹಳ ಹೆಚ್ಚು ಬಂದರೆ ಸಕ್ಕರೆಯಲ್ಲದ ಅಪಕರ್ಷಕಗಳ ಮೇಲೆ ಅನುಮಾನ ಪಡಿ. ಇನ್ನೊಂದು ಪಾಲನ್ನು 70 °ಸೆ.ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಒಣತೂಕ ತಿಳಿಯಿರಿ. ಅದು 13% ಇದ್ದರೆ ಗ್ಲೂಕೋಸ್ 19 ಮಿ.ಗ್ರಾಂ. ಎಂಬುದು ಒಣತೂಕದ ಪ್ರತಿ ಗ್ರಾಂಗೆ 146 ಮಿ.ಗ್ರಾಂ. ಆಗುತ್ತದೆ. ನೀರು ಹಾಯಿಸಿದ ತಾಕನ್ನೂ ಒಣಗಿದ ತಾಕನ್ನೂ ಹೋಲಿಸುವವರು ಹಸಿ ತೂಕವೊಂದನ್ನೇ ಬರೆದರೆ, ಹೋಲಿಸಿದ್ದು ಸಕ್ಕರೆಯನ್ನಲ್ಲ, ನೀರನ್ನು.

ಮೆಕ್ಕೆಜೋಳದವರು ಆಲ್ಕೋಹಾಲ್ ಸಾರ ತೆಗೆದ ಗಸಿಯನ್ನು ಎಸೆಯಬೇಡಿ. ಪಿಷ್ಟ ಅಲ್ಲಿದೆ, ಅಮೈಲೋಗ್ಲೂಕೋಸಿಡೇಸ್‌ನಿಂದ ಒಡೆದು ಬಂದ ಗ್ಲೂಕೋಸನ್ನು 0.9 ರಿಂದ ಗುಣಿಸಿದರೆ ಅದರ ಪ್ರಮಾಣ ಸಿಗುತ್ತದೆ.

ಎಲ್ಲಕ್ಕಿಂತ ನಾನು ನಂಬುವ ಪರೀಕ್ಷೆ ಒಂದಿದೆ. ಪ್ರತಿ ಕಂತಿನಲ್ಲಿ ಒಂದು ಜೋಡಿ ಮಾದರಿಯನ್ನು ಆರಿಸಿ, ಜೋಡಿಯ ಒಂದಕ್ಕೆ ಹೆಚ್ಚಿದ ಕೂಡಲೇ, ಬಿಸಿ ಮಾಡುವ ಮೊದಲೇ 50 ಮಿ.ಗ್ರಾಂ. ಶುದ್ಧ ಸುಕ್ರೋಸ್ ಸೇರಿಸಿ. ಕೊನೆಯಲ್ಲಿ ಎರಡರ ವ್ಯತ್ಯಾಸ ಸುಮಾರು 50 ಮಿ.ಗ್ರಾಂ. ಇರಬೇಕು; 95ರಿಂದ 105% ಮರಳಿ ಬಂದರೆ ನನಗೆ ಒಪ್ಪಿಗೆ. ಸುಕ್ರೋಸ್ ಕಡಿಮೆ ಬಂದು ಗ್ಲೂಕೋಸ್, ಫ್ರಕ್ಟೋಸ್ ಸರಿಸಮವಾಗಿ ಏರಿದ್ದರೆ ನಿಮ್ಮ ಇನ್ವರ್ಟೇಸ್ ಸತ್ತಿರಲಿಲ್ಲ. ಮೂರೂ ಕಡಿಮೆಯಾದರೆ ಎಲ್ಲೋ ಚೆಲ್ಲಿದೆ, ಇಲ್ಲವೇ ಸಾರ ತೆಗೆದದ್ದು ಸಾಲದು. ಬೇರಾವ ಪರೀಕ್ಷೆಯೂ ತಪ್ಪಿನ ಜಾಗವನ್ನು ಇಷ್ಟು ನೇರವಾಗಿ ಬೊಟ್ಟು ಮಾಡಿ ತೋರಿಸುವುದಿಲ್ಲ.

ವರದಿಯಲ್ಲಿ "ಸಕ್ಕರೆ 6.9%" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ತಳಿ, ಊರು, ಕಿತ್ತ ದಿನ ಮತ್ತು ಹೊತ್ತು, ಕಿತ್ತು ಎಷ್ಟು ನಿಮಿಷಕ್ಕೆ ಆಲ್ಕೋಹಾಲಿಗೆ ಬಿತ್ತು, ಯಾವ ವಿಧಾನ, ಯಾವ ಮಾನಕ, ಹಸಿ ತೂಕವೋ ಒಣತೂಕವೋ, ಮರಳಿ ಬಂದ ಪ್ರಮಾಣ ಎಷ್ಟು ಎಂಬುದೆಲ್ಲ ಒಂದೇ ಸಾಲಿನಲ್ಲಿ ಇರಲಿ.

ಕೆಲಸ ಮುಗಿದ ಮೇಲೆ ಅಸಿಟೋನೈಟ್ರೈಲ್ ಒಂದು ಕ್ಯಾನಿಗೆ, ಆಂಥ್ರೋನ್ ಆಮ್ಲ ಇನ್ನೊಂದು ಗಾಜಿನ ಬಾಟಲಿಗೆ. ಯಾವುದನ್ನೂ ಸಿಂಕಿಗೆ ಸುರಿಯಬೇಡಿ. ಉಳಿದ ಮೂಲ ಸಾರವನ್ನು ಮೂರು ಚಿಕ್ಕ ಕೊಳವೆಗಳಿಗೆ ಹಂಚಿ ಮೈನಸ್ 20 °ಸೆ.ನಲ್ಲಿಡಿ. ಪರೀಕ್ಷಕರು ಒಂದು ಅಂಕಿಯನ್ನು ಪ್ರಶ್ನಿಸಿದ ದಿನ ಮತ್ತೆ ಚುಚ್ಚಿ ನೋಡಲು ಅದು ಬೇಕಾಗುತ್ತದೆ.